ಯಾರ ಬದಲಿಗೆ?

"ಕೈ ತೆಗಿ."

ಬಾಗಿಲಲ್ಲಿ ನಿಂತವನ ದನಿಗೆ ದಿಲೇನಿಯಳ ಎದೆ ಧಸಕ್ಕೆಂದಿತು. ಅವಳ ಎಡಗೈ ಇನ್ನೂ ಗ್ಲೌಸಿನೊಳಗೇ ಇತ್ತು. ಕಣ್ಣು ಮುಚ್ಚಿ, ಆ ಗ್ಲೌಸನ್ನು ಕೆನ್ನೆಗೆ ಒತ್ತಿಕೊಂಡು ಕೂತಿದ್ದಳು...

ಇನ್ನೊಬ್ಬ ಬೇಸ್‌ಬಾಲ್ ಆಟಗಾರನ ಗ್ಲೌಸಿನೊಳಗೆ ಕೈ ಹಾಕಬಾರದು. ಬೊಕಾ ಸೆಕ ಊರಿನಲ್ಲಿ ತೊದಲು ಮಾತಾಡುವ ಮಗುವಿಗೂ ಇದು ಗೊತ್ತು. ಹೆತ್ತವಳೂ ಹಾಕುವುದಿಲ್ಲ, ಕಟ್ಟಿಕೊಂಡವಳೂ ಹಾಕುವುದಿಲ್ಲ. ಹಾಕಿದರೆ ಅವನ ಕೈಯಿಂದ ಚೆಂಡು ಜಾರತೊಡಗುತ್ತದೆ. ಗ್ಲೌಸು ರಿಪೇರಿ ಮಾಡುವವಳಂತೂ ಹಾಕಲೇಬಾರದು. ಅದಕ್ಕೆಂದೇ ಅವಳ ಅಪ್ಪ ಮರದ ಕೈಯೊಂದನ್ನು ಕೆತ್ತಿ ಮೇಜಿಗೆ ಬಿಗಿದಿಟ್ಟು ಸತ್ತಿದ್ದ.

ಅವಳು ಕೈ ಎಳೆದುಕೊಂಡಳು. ನಾಚಿಕೆ ಸಿಟ್ಟಾಗಲು ಎಷ್ಟು ಹೊತ್ತು?

"ಬಾಗಿಲು ತಟ್ಟದೆ ಒಳಗೆ ನುಗ್ಗೋಕೆ ನೀನ್ಯಾರೋ?"

"ಬಾಗಿಲೆಲ್ಲಿದೆ ತಟ್ಟೋಕೆ? ಗೆದ್ದಲು ತಿಂದು ಚೌಕಟ್ಟು ಬಿಟ್ಟಿದೆ."

"ನೋಡಿದ್ದನ್ನ ಯಾರಿಗಾದ್ರೂ ಹೇಳಿದ್ರೆ ನಿನ್ನ ನಾಲಿಗೆ ಹೊಲಿದುಬಿಡ್ತೀನಿ."

"ಯಾವ ದಾರದಲ್ಲಿ?"

ಅವಳು ತಲೆ ಎತ್ತಿ ಸರಿಯಾಗಿ ನೋಡಿದಳು. ಮೀನು ಮಾರುವವನು ಮೀನು ಪೋಣಿಸಿಕೊಂಡ ಹಾಗೆ ಹೆಗಲ ಮೇಲೆ ನಾಲ್ಕು ಗ್ಲೌಸು ನೇತುಹಾಕಿಕೊಂಡಿದ್ದ. ಸಣ್ಣದೊಂದು, ಉದ್ದದ್ದೊಂದು, ಮೊದಲ ಬೇಸಿನವನದೊಂದು, ದಿಂಬಿನಂಥ ಕ್ಯಾಚರ್ ಗ್ಲೌಸೊಂದು. ಊರಲ್ಲಿ ಇಂಥವನು ಒಬ್ಬನೇ.

"ಓ... ಪಾರ್ಚೆ." ಅವಳು ತುಟಿ ಕೊಂಕಿಸಿದಳು.

ಪಾರ್ಚೆ ಅಂದರೆ ಟೈರಿನ ಟ್ಯೂಬಿಗೆ ಹಚ್ಚುವ ತೇಪೆ. ಹೆದ್ದಾರಿಯಲ್ಲಿ ಅವನಪ್ಪನದು ಪಂಕ್ಚರ್ ಅಂಗಡಿ ಇತ್ತು, ಹೆಸರು ಅಲ್ಲಿಂದ ಬಂತು. ಟೀಮಿನಲ್ಲಿ ಅವನ ಕೆಲಸವೂ ಅದೇ ಆಯಿತು, ಹೆಸರು ಗಟ್ಟಿಯಾಯಿತು. ಅವನ ನಿಜವಾದ ಹೆಸರು ಎಲಾದಿಯೊ, ಆದರೆ ಹಾಗೆಂದು ಕರೆಯುತ್ತಿದ್ದವಳು ಅವನ ತಾಯಿ ಮಾತ್ರ. ಅವಳೂ ಈಗಿಲ್ಲ.

"ಅದು ರೊನಿಯೆಲ್‌ದು ಅಲ್ವಾ?" ಅವನು ಅವಳ ಮಡಿಲಲ್ಲಿದ್ದ ಗ್ಲೌಸಿನ ಕಡೆ ನೋಡಿದ.

"ಹೂಂ. ಏನೀಗ?"

"ಒಳಗೆ... ಹೇಗಿದೆ?"

"ನಿನಗ್ಯಾಕೆ?"

"ಸುಮ್ನೆ ಕೇಳ್ದೆ."

ಹೇಗೂ ಸಿಕ್ಕಿಬಿದ್ದಾಗಿದೆ. ದಿಲೇನಿಯ ಸುಳ್ಳು ಹೇಳುವವಳಲ್ಲ.

"ಬೆಣ್ಣೆ ಇದ್ದ ಹಾಗಿದೆ. ಒಂದು ಕಡೆನೂ ಒರಟು ಅನ್ನೋದಿಲ್ಲ. ಚರ್ಮಾನ ಬಡಿದು ಬಗ್ಗಿಸಿದ್ದಲ್ಲ, ಕೇಳ್ಕೊಂಡು ಬಗ್ಗಿಸಿದ ಹಾಗಿದೆ. ಇಂಥ ಕೈ ಇರೋ ಗಂಡಸು ಯಾರಿಗೂ ನೋವು ಮಾಡಲ್ಲ."

ಅವನ ಕಪ್ಪು ಮುಖಕ್ಕೆ ರಕ್ತ ನುಗ್ಗಿದ್ದು ಅವಳಿಗೆ ಕಂಡಿತು. ಯಾಕೆಂದು ತಿಳಿಯಲಿಲ್ಲ. ಅವನು ಎಡಗೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿಕೊಂಡ.

ಆಗಲೇ ಆ ಕೈಯನ್ನೊಮ್ಮೆ ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನೋಡಲಿಲ್ಲ.

ಎಲಾದಿಯೊ ಹದಿನಾರನೇ ವಯಸ್ಸಿಗೆ ಅಮೆರಿಕದ ಟೀಮೊಂದಕ್ಕೆ ಸಹಿ ಹಾಕಿದವನು. ಅದೂ ಶಾರ್ಟ್‌ಸ್ಟಾಪ್ ಆಗಿ. ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವಿನ ಆ ಜಾಗ ನಮ್ಮ ಕಡೆ ಸಿಂಹಾಸನ. ಕಬ್ಬಿನ ಗದ್ದೆಯಲ್ಲಿ ಕೋಲು ಹಿಡಿದು ಆಡುವ ಹುಡುಗರೆಲ್ಲ ಅಲ್ಲೇ ನಿಲ್ಲಬೇಕೆಂದು ಬಡಿದಾಡುತ್ತಾರೆ.

ಅಲ್ಲಿ ಅವನಿಗಿಂತ ಬಿರುಸಿನವನೊಬ್ಬ ಬಂದ. "ನೀನು ಎರಡನೇ ಬೇಸಿಗೆ ಸರಿ" ಅಂದರು. ಸರಿದ. ಅಲ್ಲಿಗೂ ಒಬ್ಬ ಬಂದ. ಮೂರನೆಯದಕ್ಕೆ ಸರಿ ಅಂದರು, ಸರಿದ. ಆಮೇಲೆ ಹಿಂದಿನ ಬಯಲಿಗೆ. ಕೊನೆಗೆ ಯಾರೂ ಬಯಸದ ಜಾಗಕ್ಕೆ, ಬ್ಯಾಟು ಹಿಡಿದವನ ಬೆನ್ನಿಗೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್ ಜಾಗಕ್ಕೆ. ಪ್ರತಿ ಜಾಗದ ಕೆಲಸವನ್ನೂ ಕಲಿತ. ಕಲಿತದ್ದೇ ತಪ್ಪಾಯಿತು. ಎಲ್ಲ ಕಡೆ ನಿಲ್ಲಬಲ್ಲವನಿಗೆ ಒಂದು ಕಡೆ ನಿಲ್ಲುವ ಹಕ್ಕು ಯಾರೂ ಕೊಡುವುದಿಲ್ಲ. ಒಂದು ಬೆಳಿಗ್ಗೆ ಬೆನ್ನು ತಟ್ಟಿ, "ಒಳ್ಳೆ ಹುಡುಗ ನೀನು" ಅಂದು ಟಿಕೆಟ್ ಕೈಗಿತ್ತು ಕಳಿಸಿದರು.

ಈಗ ಊರಿನ ಟೀಮಿನಲ್ಲಿ ಚಳಿಗಾಲದ ಲೀಗ್ ಆಡುತ್ತಿದ್ದ. ಆಡುತ್ತಿದ್ದ ಅಂದರೆ, ಬೆಂಚಿನ ತುದಿಯಲ್ಲಿ ನಾಲ್ಕು ಗ್ಲೌಸು ಇಟ್ಟುಕೊಂಡು ಕೂತಿರುತ್ತಿದ್ದ. ಯಾರಿಗಾದರೂ ಕಾಲು ಉಳುಕಿದರೆ, ಹೊಟ್ಟೆ ಕೆಟ್ಟರೆ, ಮ್ಯಾನೇಜರ್ ದೊನ್ ಫೆರ್ಮಿನ್ "ಪಾರ್ಚೆ" ಎಂದು ಕೂಗುತ್ತಿದ್ದ. ಇವನು ಎದ್ದು ನಿಂತು ಒಂದೇ ಮಾತು ಕೇಳುತ್ತಿದ್ದ.

"ಯಾರ ಬದಲಿಗೆ?"

ಉತ್ತರಕ್ಕೆ ತಕ್ಕ ಗ್ಲೌಸು ಎತ್ತಿಕೊಂಡು ಓಡುತ್ತಿದ್ದ.

"ಆಂಬುಲೆನ್ಸ್ ಶಬ್ದ ಕೇಳಿದ್ರೆ ಈ ಊರಲ್ಲಿ ಪಾರ್ಚೆ ಒಬ್ಬನೇ ತಲೆ ಬಾಚ್ಕೊಳ್ಳೋದು" ಎಂದು ಕ್ಷೌರದಂಗಡಿಯ ಚೆಪೊ ಹೇಳಿದರೆ ಅಂಗಡಿಗೆ ಅಂಗಡಿಯೇ ನಗುತ್ತಿತ್ತು. ಪಾರ್ಚೆಯೂ ನಗುತ್ತಿದ್ದ. ನಗದೆ ಎಲ್ಲಿಗೆ ಹೋಗುತ್ತಾನೆ?

ಅವನು ದಿಲೇನಿಯಳ ಅಂಗಡಿಗೆ ಪದೇ ಪದೇ ಬರತೊಡಗಿದ. ನಾಲ್ಕು ಗ್ಲೌಸು ಇದ್ದವನಿಗೆ ನೆಪಕ್ಕೇನು ಬರ?

ಒಂದು ದಿನ ಹಲಗೆ ತಂದು ಬಾಗಿಲು ಕೂರಿಸಿದ. ಇನ್ನೊಂದು ದಿನ ಸೋರುವ ತಗಡಿಗೆ ಡಾಂಬರು ಮೆತ್ತಿದ. ದಿಲೇನಿಯಳನ್ನು ಸಾಕಿದ ಸೋದರತ್ತೆ ಕಸಿಲ್ದಳಿಗೆ ಬಾಳೆಕಾಯಿ ಬೇಯಿಸಿ ಕಿವುಚಿ ಕೊಟ್ಟ. ಮುದುಕಿ ಚಪ್ಪರಿಸಿಕೊಂಡು ತಿಂದು ದಿಲೇನಿಯಳ ಪಕ್ಕೆ ತಿವಿದಳು.

"ಇಂಥವನು ಮನೇಲಿದ್ರೆ ಬಡಗಿನೂ ಬೇಡ, ಅಡಿಗೆಯವಳೂ ಬೇಡ ಕಣೇ."

"ಅತ್ತೆ, ಸಾರಿಗೆ ಉಪ್ಪು ಬೇಕು, ಪಲ್ಯಕ್ಕೆ ಉಪ್ಪು ಬೇಕು, ಅನ್ನಕ್ಕೂ ಬೇಕು. ಹಾಗಂತ ಯಾರಾದ್ರೂ ತಟ್ಟೆ ತುಂಬ ಉಪ್ಪು ಬಡಿಸ್ಕೊಂಡು ಊಟ ಮಾಡ್ತಾರಾ?"

ಹೊರಗೆ ಸುತ್ತಿಗೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

'ಕೇಳಿಸಿತೇನೋ...' ಅಂದುಕೊಂಡಳು. 'ಕೇಳಿಸಲಿ ಬಿಡು.'

ಅವಳ ಮನಸ್ಸು ಬೇರೆ ಕಡೆ ಇತ್ತು. ಟೀಮಿನ ಶಾರ್ಟ್‌ಸ್ಟಾಪ್ ರೊನಿಯೆಲ್ ಈಗೀಗ ಖುದ್ದು ಬಂದು ಗ್ಲೌಸು ಕೊಡುತ್ತಿದ್ದ, ಖುದ್ದು ಬಂದು ಒಯ್ಯುತ್ತಿದ್ದ. ಹೊಸ ಮೋಟರ್‌ಬೈಕು, ಕತ್ತಿನಲ್ಲಿ ಹಗ್ಗದಷ್ಟು ದಪ್ಪದ ಚಿನ್ನ. "ಏ ಚರ್ಮದ ಹುಡುಗಿ, ಹತ್ತು ಬಾ" ಅನ್ನುತ್ತಿದ್ದ. ಮಾತು ಒರಟು. ಕಾಯಿಸುತ್ತಿದ್ದ, ಅರ್ಧ ದಾರಿಯಲ್ಲಿ ಇಳಿಸಿ ಗೆಳೆಯರ ಜೊತೆ ಹೋಗಿಬಿಡುತ್ತಿದ್ದ. ದಿಲೇನಿಯ ಎಲ್ಲವನ್ನೂ ನುಂಗಿಕೊಂಡಳು.

ಯಾಕೆಂದರೆ ಅವಳಪ್ಪ ಒಂದು ಮಾತು ಹೇಳಿಕೊಟ್ಟಿದ್ದ. ಮುಖ ಸುಳ್ಳು ಹೇಳುತ್ತೆ, ಗ್ಲೌಸಿನ ಒಳಗು ಸುಳ್ಳು ಹೇಳಲ್ಲ.

ಆ ಒಳಗನ್ನು ಅವಳು ಕೈಯಾರೆ ಮುಟ್ಟಿದ್ದಳು. ಉಂಗುರದ ಬೆರಳ ಜಾಗದಲ್ಲಿ ಒಂದು ಸಣ್ಣ ಗುಂಡಿ, ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡ ಬೆರಳಿನ ಗುರುತು. ಅವಳಿಗೆ ಆ ಗುಂಡಿಯ ಮೇಲೇ ಪ್ರೀತಿ ಹುಟ್ಟಿತ್ತು. 'ಹೊರಗೆ ಬಿರುಸು... ಒಳಗೆ ಪಾಪ, ಎಲ್ಲೋ ಪೆಟ್ಟು ತಿಂದಿದ್ದಾನೆ' ಎಂದು ಮರುಗುತ್ತಿದ್ದಳು. ಹೆಂಗಸು ಒಬ್ಬನನ್ನು ಕ್ಷಮಿಸಬೇಕೆಂದು ಕೂತರೆ ಕಾರಣವನ್ನು ಚರ್ಮದಲ್ಲೂ ಹುಡುಕುತ್ತಾಳೆ.

ಪಾರ್ಚೆಯ ನಾಲ್ಕು ಗ್ಲೌಸು ಎಷ್ಟು ಸಲ ಅವಳ ಮೇಜಿನ ಮೇಲೆ ಬಿದ್ದಿದ್ದವೋ. ಮರದ ಕೈಗೆ ತೊಡಿಸಿ ಹೊಲಿದು ಬಿಸಾಡುತ್ತಿದ್ದಳು. ಅವುಗಳ ಒಳಗೆ ಕೈ ಹಾಕಬೇಕೆಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ.

ರೊನಿಯೆಲ್ ತನ್ನ ಹೊಸ ಮನೆಯಲ್ಲಿ ಭಾನುವಾರದ ಊಟಕ್ಕೆ ಇಡೀ ಟೀಮನ್ನು ಕರೆದ. ಆಡಿನ ಮಾಂಸ, ರಮ್ಮು, ಮಾವಿನ ಮರದ ಕೆಳಗೆ ಡಾಮಿನೊ ಮೇಜು. ದಿಲೇನಿಯಳ ಸೊಂಟಕ್ಕೆ ಕೈ ಹಾಕಿ ಎಳೆದುಕೊಂಡು, ಲೀಗ್ ಮುಗಿದ ಮೇಲೆ ಇವಳೇ ಈ ಮನೆ ಯಜಮಾನಿ ಎಂದು ಸಾರಿದ. ಎಲ್ಲರೂ ಮೇಜು ಗುದ್ದಿದರು.

ಅವಳು ಲೋಟ ತರಲು ಹಿತ್ತಲಿಗೆ ಹೋದಾಗ ಎಲಾದಿಯೊ ನೀರಿನ ತೊಟ್ಟಿಯ ಹತ್ತಿರ ನಿಂತಿದ್ದ. ಮುಖ ಬಿಳುಪೇರಿತ್ತು.

"ದಿಲೇನಿಯ, ಒಂದು ಮಾತು. ಅವನ ಎಡಗೈ ಒಂದು ಸಲ ಹಿಡಿದು ನೋಡು. ಒಂದೊಂದೇ ಬೆರಳು ಹಿಡಿದು ನೋಡು. ಆಮೇಲೆ ಬೇಕಾದ್ರೆ ಹೂಂ ಅನ್ನು."

"ಅಂದ್ರೆ?"

"ಅಷ್ಟೇ. ಇದಕ್ಕಿಂತ ಹೆಚ್ಚು ನಾನು ಹೇಳೋ ಹಾಗಿಲ್ಲ."

'ಹೊಟ್ಟೆಕಿಚ್ಚು!' ಅವಳ ಮೈಯೆಲ್ಲ ಉರಿಯಿತು. ಇಷ್ಟು ದಿನ ಬಾಗಿಲು ಕೂರಿಸಿದ್ದು, ತಗಡು ಮುಚ್ಚಿದ್ದು ಇದಕ್ಕಾ? ಅವಳು ಲೋಟಗಳನ್ನು ಅಲ್ಲೇ ಕುಕ್ಕಿ ಮಾವಿನ ಮರದ ಕೆಳಗೆ ಬಂದಳು.

"ಏನಂತೆ ಪಾರ್ಚೆಗೆ? ಕಿವಿಯಲ್ಲಿ ಏನೋ ಊದ್ತಿದ್ದ" ರೊನಿಯೆಲ್ ಹಲ್ಲುಕಿರಿದ.

"ಏನಿಲ್ಲ." ಅವಳು ದನಿ ಏರಿಸಿದಳು, ಹಿಂದೆ ಬರುತ್ತಿದ್ದವನಿಗೂ ಕೇಳಲಿ ಎಂದು. "ನನ್ನ ಗಂಡನ ಜಾಗನೂ ಯಾವಾಗಲಾದ್ರೂ ಖಾಲಿ ಬೀಳುತ್ತಾ ಅಂತ ವಿಚಾರಿಸ್ತಿದ್ದ. ಬೆಂಚಿನ ತುದೀಲಿ ಕೂತಿರ್ತಾನಂತೆ."

ಮೇಜಿನ ಸುತ್ತ ನಗು ಸಿಡಿಯಿತು. ಅವಳು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಕೇಳೋ ಪಾರ್ಚೆ. ತೂತು ಬಿದ್ದ ಕಡೆ ತೇಪೆ ಹಾಕ್ತಾರೆ. ತೇಪೆನೇ ಬಟ್ಟೆ ಅಂತ ಯಾರೂ ಉಟ್ಕೊಂಡು ತಿರುಗಲ್ಲ. ನಿನ್ನನ್ನ ಯಾವ ಟೀಮೂ ಇಟ್ಕೊಳ್ಲಿಲ್ಲ, ಯಾವ ಹೆಂಗಸೂ ಇಟ್ಕೊಳ್ಳಲ್ಲ."

ಎಲಾದಿಯೊ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲೆ ಇಟ್ಟ, ಸದ್ದಾಗದ ಹಾಗೆ. ದೊನ್ ಫೆರ್ಮಿನ್ ಕಡೆ ತಿರುಗಿ, "ನಾಳೆ ಅಭ್ಯಾಸ ಬೆಳಿಗ್ಗೆನೋ ಸಂಜೆನೋ?" ಎಂದು ಕೇಳಿದ. ಬೆಳಿಗ್ಗೆ ಅಂದ ಮ್ಯಾನೇಜರ್. ತಲೆಯಾಡಿಸಿ ಹೊರಟುಹೋದ.

ಅವನ ಕ್ಯಾಚರ್ ಗ್ಲೌಸು ದಿಲೇನಿಯಳ ಅಂಗಡಿಯಲ್ಲೇ ಇತ್ತು. ಗ್ಲೌಸಿನ ಹೆಬ್ಬೆರಳನ್ನು ನಡುವಿನ ಚರ್ಮದ ಬಲೆಗೆ ಬಿಗಿಯುವ ಬಾರು ಸವೆದಿದೆ, ಹೊಸದು ಹಾಕು ಎಂದು ಕೊಟ್ಟುಹೋಗಿದ್ದ. ಹೊಸ ಚರ್ಮದ ಬಾರನ್ನು ಅವಳು ಕತ್ತರಿಸಿಯೂ ಇಟ್ಟಿದ್ದಳು.

ಮರುದಿನ ಬೆಳಿಗ್ಗೆಯೂ ಅವಳ ಸಿಟ್ಟು ಆರಿರಲಿಲ್ಲ. ಹೊಸ ಬಾರನ್ನು ಪಕ್ಕಕ್ಕಿಟ್ಟಳು. ಕಸದ ಬುಟ್ಟಿಯಿಂದ ಹಳೆಯ, ಒಣಗಿದ ಬಾರೊಂದನ್ನು ಹೆಕ್ಕಿದಳು. ಬೂಟ್ ಪಾಲಿಶ್ ಹಚ್ಚಿ ಕಪ್ಪು ಮಾಡಿದಳು. ಪೋಣಿಸಿ ಗಂಟು ಹಾಕಿದಳು.

'ಕ್ಯಾಚರ್‌ಗಳು ಇಬ್ಬರಿದ್ದಾರೆ. ಇವನು ಮೂರನೆಯವನು. ಪಂದ್ಯದಲ್ಲಿ ಇದನ್ನು ಹಾಕಿಕೊಳ್ಳುವ ದಿನ ಬರುವುದೇ ಇಲ್ಲ. ಅಭ್ಯಾಸದಲ್ಲಿ ಕಿತ್ತುಬಂದರೆ ನಾಲ್ಕು ಜನರ ಮುಂದೆ ಪೆದ್ದನಾಗಲಿ.'

ಹೀಗೆ ತನಗೆ ತಾನೇ ಹೇಳಿಕೊಂಡಳು. ಕೆಟ್ಟ ಕೆಲಸಕ್ಕೆ ಇಳಿದವರೆಲ್ಲ ಇಂಥದ್ದೊಂದು ಮಾತು ಹೇಳಿಕೊಂಡೇ ಇಳಿಯುತ್ತಾರೆ.

ಅವನು ಬಂದು ಗ್ಲೌಸು ತೆಗೆದುಕೊಂಡ. ಬಾರನ್ನು ಒತ್ತಿ ನೋಡಿದ, ಅವಳ ಮುಖ ನೋಡಿದ, ಹೆಗಲಿಗೆ ಹಾಕಿಕೊಂಡು ಹೊರಟ. ತಾನೇ ಕೂರಿಸಿದ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ.

ಶನಿವಾರ ಮಧ್ಯಾಹ್ನದ ಪಂದ್ಯ. ಗೆದ್ದರೆ ಫೈನಲ್. ದಿಲೇನಿಯ ಅತ್ತೆಯ ಜೊತೆ ಜಾಲರಿಯ ಹಿಂದಿನ ಸಾಲಿನಲ್ಲೇ ಕೂತಿದ್ದಳು. ರೊನಿಯೆಲ್ ಕೊಡಿಸಿದ ಜಾಗ.

ಮೊದಲನೆಯ ಕ್ಯಾಚರ್‌ನ ಮೊಣಕಾಲಿಗೆ ಬ್ಯಾಟು ಬಡಿಯಿತು, ಹೊತ್ತುಕೊಂಡು ಹೋದರು. ಎರಡನೆಯವನು ಅಂಪೈರ್‌ನ ತಾಯಿಯನ್ನು ಬೈದ, ಹೊರಗೆ ಹಾಕಿದರು.

"ಪಾರ್ಚೆ!"

ಎಲಾದಿಯೊ ಎದ್ದ. ಅವನ ತುಟಿ ಅಲುಗಿದ್ದು ಇಲ್ಲಿಂದಲೇ ಕಾಣಿಸಿತು. ಯಾರ ಬದಲಿಗೆ? ಬಗ್ಗಿ ಆ ದಪ್ಪ ಗ್ಲೌಸನ್ನು ಎತ್ತಿಕೊಂಡ.

ದಿಲೇನಿಯ ಎದ್ದು ನಿಂತಳು.

"ಏನಾಯ್ತೇ?" ಅಂದಳು ಅತ್ತೆ.

ಜಾಲರಿ ಕೈಗೆ ಎಟಕುವಷ್ಟು ಹತ್ತಿರವಿತ್ತು. 'ಆ ಬಾರು ಹಳೇದು, ಹಾಕ್ಕೋಬೇಡ' ಅಂದರೆ ಮುಗಿಯುತ್ತಿತ್ತು. ಆದರೆ ಸುತ್ತ ಊರೇ ಕೂತಿತ್ತು. ಯಾರು ಹಾಕಿದ್ದು ಎಂದು ಕೇಳುತ್ತಾರೆ. ಅಪ್ಪನ ಅಂಗಡಿ... ರೊನಿಯೆಲ್...

"ಏನಿಲ್ಲ ಅತ್ತೆ."

ಅವಳು ಕೂತುಕೊಂಡಳು.

ಸ್ವಲ್ಪ ಹೊತ್ತು ಬಾರು ತಡೆಯಿತು. 'ದೇವರೇ, ಇವತ್ತೊಂದು ದಿನ...' ಎಂದು ಅವಳು ಉಗುರು ಕಚ್ಚುತ್ತಿದ್ದಳು. ಮೂರನೇ ಬೇಸಿನಲ್ಲಿ ಎದುರಾಳಿಯೊಬ್ಬ ಓಡಿಬರಲು ಹೊಂಚುತ್ತಿದ್ದ. ಚೆಂಡೆಸೆಯುವ ಪಿಚರ್ ಮೈಯ ಶಕ್ತಿಯನ್ನೆಲ್ಲ ಹಾಕಿ ಎಸೆದ. ಚೆಂಡು ಗ್ಲೌಸಿಗೆ ಬಡಿದ ಸದ್ದು ಎಂದಿನಂತೆ ಇರಲಿಲ್ಲ. ಬಾರು ಪಟ್ಟನೆ ಹರಿಯಿತು. ಹೆಬ್ಬೆರಳು ಹಿಂದಕ್ಕೆ ಮಡಚಿ ಮಣಿಕಟ್ಟಿಗೆ ತಾಗಿತು. ಗ್ಲೌಸು ಕಿತ್ತು ಧೂಳಿಗೆ ಬಿತ್ತು.

"ತೇಪೆ ಕಿತ್ತೋಯ್ತು!" ಮೇಲಿನ ಸಾಲಿನಿಂದ ಯಾರೋ ಕೂಗಿದರು. ಜನ ಹೋ ಎಂದು ನಕ್ಕರು.

ಅವರು ನಗುತ್ತಿರುವಾಗಲೇ ಎಲಾದಿಯೊ ಬಲಗೈಯಿಂದ ಚೆಂಡನ್ನು ಬಾಚಿಕೊಂಡು, ಓಡಿಬರುತ್ತಿದ್ದವನಿಗೆ ಅಡ್ಡ ಬಿದ್ದು ಮುಟ್ಟಿಸಿದ. ಔಟ್. ಆಮೇಲೆ ಮಂಡಿಯೂರಿ ವಾಂತಿ ಮಾಡಿದ. ಎಡಗೈ ಇರಬೇಕಾದ ಆಕಾರದಲ್ಲಿ ಇರಲಿಲ್ಲ. ಆಗ ನಗು ನಿಂತಿತು.

ರೊನಿಯೆಲ್ ತನ್ನ ಜಾಗದಿಂದ ಅಲುಗಲಿಲ್ಲ. ಉಗುಳಿ, ಪಕ್ಕದವನಿಗೆ ಹೇಳಿದ, "ಜಿಪುಣ ನನ್ಮಗ. ಹಳೇ ಬಾರಲ್ಲೇ ಆಡ್ತಾನೆ."

ಊರಿಗೆ ಅದೇ ಮಾತು ಹಬ್ಬಿತು. ಎಲಾದಿಯೊ ಅದನ್ನು ಅಲ್ಲಗಳೆಯಲಿಲ್ಲ.

ಎರಡು ದಿನ ಬಿಟ್ಟು ದೊನ್ ಫೆರ್ಮಿನ್ ಆ ಗ್ಲೌಸನ್ನು ತಂದು ಅವಳ ಮೇಜಿನ ಮೇಲೆ ಎಸೆದ.

"ಸರಿಮಾಡಿಡು. ಬೇರೆ ಯಾರಿಗಾದ್ರೂ ಆಗುತ್ತೆ."

"ಅವನಿಗೆ...?"

"ಹೆಬ್ಬೆರಳು ಇನ್ನು ಮಡಚಲ್ಲ ಅಂದ್ರು ಡಾಕ್ಟರು. ಹೆಬ್ಬೆರಳಿಲ್ಲದೋನಿಗೆ ಗ್ಲೌಸ್ ಯಾಕೆ? ಆಟ ಮುಗೀತು ಅವನದು."

ಅವನು ಹೋದ ಮೇಲೆ ದಿಲೇನಿಯ ಮರದ ಕೈಗೆ ಗ್ಲೌಸು ತೊಡಿಸಲು ಹೋದಳು. ಆಗಲಿಲ್ಲ. ಗ್ಲೌಸಿನ ಅಂಗೈ ಮೇಲೆ ಒಣಗಿದ ರಕ್ತವಿತ್ತು. ಯಾಕೆಂದು ಅವಳಿಗೇ ಗೊತ್ತಿಲ್ಲ, ತನ್ನ ಎಡಗೈಯನ್ನು ಅದರೊಳಗೆ ಇಳಿಸಿದಳು.

ಬೆಣ್ಣೆ.

ಎಲ್ಲೂ ಒರಟಿಲ್ಲ. ಕೇಳಿಕೊಂಡು ಬಗ್ಗಿಸಿದ ಚರ್ಮ. ಮತ್ತು ಉಂಗುರದ ಬೆರಳ ಜಾಗದಲ್ಲಿ... ಆ ಗುಂಡಿ.

ಅವಳು ಹಾಗೇ ಕೂತುಬಿಟ್ಟಳು. 'ಒಂದೊಂದೇ ಬೆರಳು ಹಿಡಿದು ನೋಡು' ಅಂದಿದ್ದನಲ್ಲ.

ಮಧ್ಯಾಹ್ನ ರೊನಿಯೆಲ್ ಬಂದ. ಅವಳು ಮಾತಿಲ್ಲದೆ ಅವನ ಎಡಗೈ ಎಳೆದುಕೊಂಡು ಬೆರಳುಗಳನ್ನು ಬಿಡಿಸಿದಳು. ಐದೂ ಮೇಣದ ಬತ್ತಿಯ ಹಾಗೆ ನೆಟ್ಟಗಿದ್ದವು.

"ನಿನ್ನ ಗ್ಲೌಸ್ ಹದ ಮಾಡೋದು ಯಾರು?"

"ಇದೇನೇ, ಪೊಲೀಸ್ ವಿಚಾರಣೆನಾ?" ಅವನು ನಕ್ಕ. "ಪಾರ್ಚೆ ಮಾಡ್ತಿದ್ದ. ಎಣ್ಣೆ ತಿಕ್ಕೋದು, ವಾರಗಟ್ಟಲೆ ತೊಟ್ಕೊಂಡು ಚೆಂಡು ಹಿಡಿಯೋದು, ಅಂಥ ಕೂಲಿ ಕೆಲಸ ನಾನ್ಯಾಕೆ ಮಾಡ್ಲಿ? ಹೊರಗೆ ಬಾಯಿಬಿಟ್ರೆ ಟೀಮಿಂದ ತೆಗೆಸ್ತೀನಿ ಅಂದಿದ್ದೆ. ಕೆಲಸ ಚೆನ್ನಾಗೇ ಮಾಡೋನು. ಅವನ ಸೊಟ್ಟ ಬೆರಳಿಂದ ಒಳಗೆ ಒಂದು ಗುಂಡಿ ಬೀಳೋದು, ಅದೊಂದೇ ತಲೆನೋವು."

"ಅದೊಂದಕ್ಕೇ ನಾನು ನಿನ್ನನ್ನ ಮೆಚ್ಚಿದ್ದು" ಅಂದಳು ದಿಲೇನಿಯ. "ಹೋಗು ರೊನಿಯೆಲ್. ಇನ್ನು ಬರಬೇಡ."

"ಹುಚ್ಚು ಹಿಡೀತಾ? ನನ್ನನ್ನ ಬಿಟ್ರೆ ಈ ಚರ್ಮದ ನಾತಕ್ಕೆ ಯಾರು ಬರ್ತಾರೆ ನಿನ್ನ ಹತ್ರ?"

"ಯಾರೂ ಬರಲ್ಲ. ಗೊತ್ತು. ಹೋಗು."

ಅವಳು ಬಾಗಿಲು ಹಾಕಿಕೊಂಡು ನೇರ ಚೆಪೊನ ಕ್ಷೌರದಂಗಡಿಗೆ ನಡೆದಳು. ಕುರ್ಚಿಗಳು ತುಂಬಿದ್ದವು. ಅಲ್ಲಿ ಆಡಿದ ಮಾತು ಸಂಜೆಯೊಳಗೆ ಸಕ್ಕರೆ ಕಾರ್ಖಾನೆಯ ಗೇಟು ಮುಟ್ಟುತ್ತದೆ. ಅದಕ್ಕೇ ಹೋದದ್ದು.

"ಪಾರ್ಚೆ ಜಿಪುಣ ಅಲ್ಲ" ಅಂದಳು. "ಅವನು ಹೊಸ ಬಾರು ಕೇಳಿದ್ದ. ಕಸದ ಬುಟ್ಟಿಯ ಬಾರಿಗೆ ಪಾಲಿಶ್ ಹಚ್ಚಿ ಪೋಣಿಸಿದ್ದು ನಾನು. ಬೇಕಂತಲೇ."

ಕತ್ತರಿ ನಿಂತಿತು. ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ಕನ್ನಡಿಯಲ್ಲೇ ಅವಳನ್ನು ನೋಡಿದ.

"ನಿನ್ನಪ್ಪ ಕಟ್ಟಿದ ಅಂಗಡಿ ಅದು" ಅಂದ ಚೆಪೊ ತಗ್ಗಿದ ದನಿಯಲ್ಲಿ. "ಇದನ್ನ ಹೇಳೋ ಮೊದಲು ಬಾಗಿಲು ಹಾಕ್ಕೊಂಡು ಸಾಯಬಾರದಿತ್ತಾ?"

ಆ ವಾರದಲ್ಲೇ ಗೋಡೆಯ ಗೂಟಗಳೆಲ್ಲ ಖಾಲಿಯಾದವು. ಒಬ್ಬೊಬ್ಬರಾಗಿ ಬಂದು ಗ್ಲೌಸು ಎತ್ತಿಕೊಂಡು ಹೋದರು. ಕೆಲವರು ಹೊಸ್ತಿಲಿಗೆ ಉಗುಳಿಯೂ ಹೋದರು. ಅತ್ತೆ ಮೂರು ಹೊತ್ತೂ ಶಪಿಸಿದಳು.

"ನಿನ್ನ ನಾಲಿಗೆಗೆ ಹುಳ ಬೀಳ! ಅಲ್ಲಾ ಕಣೇ, ಹೇಳೋದಿದ್ರೆ ಅವನ ಹತ್ರ ಹೋಗಿ ಹೇಳ್ಬೇಕಿತ್ತು. ಊರಿಗೆಲ್ಲ ಯಾಕೆ ಸಾರಿದೆ?"

"ಅವನ ಹತ್ರ ಮೊದಲು ಹೋಗಿದ್ರೆ, ಯಾರಿಗೂ ಹೇಳಬೇಡ ಅಂತಿದ್ದ ಅತ್ತೆ."

ಮುದುಕಿ ಅಂಗಿಯ ತುದಿಯಲ್ಲೇ ಕಣ್ಣೊರೆಸಿಕೊಂಡು ಅಂದಳು, "ಈಗಲಾದ್ರೂ ಹೋಗು ಮತ್ತೆ."

ಹೆದ್ದಾರಿಯ ಪಕ್ಕ, ಕಬ್ಬಿನ ಲಾರಿಗಳ ಧೂಳಿನಲ್ಲಿ ಅವನಪ್ಪನ ಹಳೆಯ ಪಂಕ್ಚರ್ ಅಂಗಡಿ. ಎಲಾದಿಯೊ ನೆಲದ ಮೇಲೆ ಕೂತು ಬಲಗೈಯಲ್ಲಿ ಟ್ಯೂಬು ಉಜ್ಜುತ್ತಿದ್ದ. ಎಡಗೈಗೆ ಪಟ್ಟಿ ಸುತ್ತಿತ್ತು. ಟ್ಯೂಬನ್ನು ಹಿಡಿದುಕೊಳ್ಳಲು ಆಗದೆ ಮೊಣಕಾಲಿನ ಕೆಳಗೆ ಒತ್ತಿಕೊಂಡಿದ್ದ. ಅದು ಜಾರಿ ಜಾರಿ ಹೋಗುತ್ತಿತ್ತು.

ಅವಳ ನೆರಳು ಬಿದ್ದದ್ದು ನೋಡಿಯೂ ತಲೆ ಎತ್ತಲಿಲ್ಲ.

"ಗಾಡಿ ಎಲ್ಲಿ?"

"ಗಾಡಿ ಇಲ್ಲ."

"ಗಾಡಿ ಇಲ್ಲದವರಿಗೆ ಇಲ್ಲೇನು ಕೆಲಸ?"

ಅವಳು ಅವನೆದುರು ಕೂತಳು. ಕೆಂಪು ಮಣ್ಣು, ಗ್ರೀಸು, ಏನನ್ನೂ ನೋಡದೆ ಕೂತಳು.

"ಚೆಪೊ ಅಂಗಡೀಲಿ ಎಲ್ಲ ಹೇಳ್ದೆ."

"ಕೇಳ್ದೆ. ಬೇಕಿರ್ಲಿಲ್ಲ." ಸ್ವಲ್ಪ ಹೊತ್ತು ಉಜ್ಜಿದ. "ಅಂಗಡಿ?"

"ಯಾರೂ ಬರ್ತಿಲ್ಲ."

"ಹೂಂ."

"ನಿನಗೆ ಮೊದಲೇ ಗೊತ್ತಿತ್ತಾ?"

"ಪಾಲಿಶ್ ವಾಸನೆ ಬಂತು. ಹೊಸ ಬಾರಿಗೆ ಯಾರು ಪಾಲಿಶ್ ಹಚ್ತಾರೆ?"

"ಮತ್ಯಾಕೆ ಹಾಕ್ಕೊಂಡೆ? ಯಾಕೆ...?"

"ನಿನಗೋಸ್ಕರ ಅಂದ್ಕೋಬೇಡ." ಅವನ ಕಣ್ಣಿನಲ್ಲಿ ಕರುಣೆ ಇರಲಿಲ್ಲ. "ಅವತ್ತೇ ಬಿಚ್ಚಿ ಬೇರೆ ಹಾಕ್ಬೇಕಿತ್ತು. ನಿನ್ನ ಮೇಲಿನ ಸಿಟ್ಟಿಗೆ ಅದನ್ನ ಮುಟ್ಟೋಕೂ ಮನಸ್ಸಾಗಲಿಲ್ಲ. ಆಮೇಲೆ ಪಂದ್ಯದಲ್ಲಿ ಫೆರ್ಮಿನ್ ಕೂಗಿದ. ಒಲ್ಲೆ ಅಂದಿದ್ರೆ ಇನ್ನೊಂದು ಸಲ ನನ್ನ ಹೆಸರು ಎತ್ತುತ್ತಿರಲಿಲ್ಲ. ನನ್ನಂಥವನಿಗೆ ಒಲ್ಲೆ ಅನ್ನೋ ಪದವಿ ಇಲ್ಲ. ಆಸ್ಪತ್ರೇಲಿ ನಿನ್ನ ಹೆಸರು ಹಿಡಿದು ಬೈದೆ. ನೀನು ಕೇಳಿರದ ಬೈಗುಳದಲ್ಲಿ ಬೈದೆ."

"ಇನ್ನೊಂದಿದೆ" ಅಂದಳು. "ಚೆಪೊ ಅಂಗಡೀಲೂ ಹೇಳಿಲ್ಲ ಅದನ್ನ. ನೀನು ಗ್ಲೌಸ್ ಎತ್ಕೊಂಡಾಗ ನಾನು ಎದ್ದು ನಿಂತಿದ್ದೆ. ಕೂಗ್ಬಹುದಿತ್ತು. ಊರಿಗೆ ಹೆದರಿ..."

"ಕೂತ್ಕೊಂಡೆ."

ಅವಳು ಬೆಚ್ಚಿ ನೋಡಿದಳು.

"ನೋಡ್ದೆ" ಅಂದ. "ಎದ್ದಿದ್ದೂ ನೋಡ್ದೆ, ಕೂತಿದ್ದೂ ನೋಡ್ದೆ."

ಲಾರಿಯೊಂದು ಹಾದುಹೋಯಿತು. ಧೂಳು ಇಬ್ಬರ ತಲೆಯ ಮೇಲೂ ಇಳಿಯಿತು. ದಿಲೇನಿಯಳ ಕೆನ್ನೆಯ ಮೇಲೆ ಕಣ್ಣೀರು ಕೆಸರಾಗಿ ಹರಿಯುತ್ತಿತ್ತು. ಹೆಬ್ಬೆರಳು ತಿಂದವಳು ಯಾವ ಬಾಯಲ್ಲಿ ಕ್ಷಮೆ ಕೇಳುತ್ತಾಳೆ?

ಟ್ಯೂಬು ಮತ್ತೆ ಅವನ ಮೊಣಕಾಲಿನಿಂದ ಜಾರಿತು. ಅವನು ಬೈದುಕೊಂಡ. ಅವಳು ಕೈ ಚಾಚಿ ಅದನ್ನು ಹಿಡಿದುಕೊಂಡಳು. ಅವನು ಕಿತ್ತುಕೊಳ್ಳಲು ಹೋಗಿ ನಿಲ್ಲಿಸಿದ. ಬಾಣಲೆಯ ನೀರಿನ ಕಡೆ ಗದ್ದ ತೋರಿಸಿದ.

"ಮುಳುಗಿಸು. ಗುಳ್ಳೆ ಎಲ್ಲಿಂದ ಬರುತ್ತೆ ನೋಡು."

ಮುಳುಗಿಸಿದಳು. ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಅವಳು ಅಲ್ಲಿ ಬೆರಳಿಟ್ಟಳು. ಅವನು ಒರೆಸಿದ, ಅಂಟು ಬಳಿದ, ತೇಪೆ ಒತ್ತಿದ. ಅವಳು ಹಿಡಿದೇ ಇದ್ದಳು. ಎರಡನೇ ಟ್ಯೂಬು ಬಂತು, ಮೂರನೆಯದೂ ಬಂತು. ಹೋಗು ಎಂದು ಅವನು ಅನ್ನಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವಳೇ ಮಾತಾಡಿದಳು.

"ನಂಗೆ ನೀನು ಬೇಕು."

ಅವನ ಕೈ ನಿಂತಿತು. ಅವಳನ್ನು ನೋಡದೆ, ಆಟದ ದಿನಗಳುದ್ದಕ್ಕೂ ಕೇಳಿಕೊಂಡು ಬಂದ ಮಾತನ್ನೇ ಕೇಳಿದ. ಈ ಸಲ ದನಿಯಲ್ಲಿ ನಗುವಿನ ಸುಳಿವೇ ಇರಲಿಲ್ಲ.

"ಯಾರ ಬದಲಿಗೆ?"

"ಯಾರ ಬದಲಿಗೂ ಅಲ್ಲ, ಎಲಾದಿಯೊ."

ಆ ಹೆಸರಿಗೆ ಅವನು ತಲೆ ಎತ್ತಿದ. ಬೇರೆ ಯಾರನ್ನೋ ಕರೆದಿದ್ದಾರೆ ಎಂಬಂತೆ ಹಿಂದಕ್ಕೆ ತಿರುಗಿ ನೋಡಿದ. ಆಮೇಲೆ ಪಟ್ಟಿ ಸುತ್ತಿದ ಎಡಗೈಯನ್ನು ಮೊದಲ ಬಾರಿಗೆ ಅವಳ ಮುಂದೆ, ಮೊಣಕಾಲಿನ ಮೇಲೆ ಬಿಟ್ಟ. ಅವಳ ಕೈ ಅದರ ಹತ್ತಿರ ಹೋಗಿ ನಿಂತಿತು.

"ಹೆಬ್ಬೆರಳು ಮುಟ್ಬೇಡ. ನೋಯುತ್ತೆ."

"ಸೊಟ್ಟ ಬೆರಳು?"

"ಅದು ಹಳೇ ಪೆಟ್ಟು" ಅಂದ. "ಅದನ್ನ ಹಿಡ್ಕೊ."